ಪೆನ್ನಿನ ಬಾಲ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಯಾರದೋ ಮನೆಯ ಬೀರುವಿನ ಮೂಲೆಯಲ್ಲಿ ಅಪ್ಪನದೋ ಅಜ್ಜನದೋ ಒಂದು ಹಳೇ ಪಾರ್ಕರ್ 51 ಇಂಕು ಪೆನ್ನು ಬಿದ್ದಿದೆ. ಅದು ಬರೆಯುತ್ತಿಲ್ಲ, ಎಸೆಯಲು ಮನಸ್ಸೂ ಬರುತ್ತಿಲ್ಲ. ಈ ಹೊತ್ತು ನಾನು ಮಾತಾಡುತ್ತಿರುವುದು ನಿಮ್ಮ ಜೊತೆಗೇ. ಹೇಳುವುದು ಒಂದೇ ಮಾತು: ಪೆನ್ನನ್ನು ತಿರುಚುವ ಮೊದಲು ಅದರ ಬಾಲ, ಅಂದರೆ ನಿಬ್ಬಿಲ್ಲದ ಹಿಂತುದಿ, ನೋಡಿ.

ಪಾರ್ಕರ್ 51 ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1941ರಲ್ಲಿ. 1888ರಲ್ಲಿ ಶುರುವಾದ ಕಂಪನಿಗೆ 1939ರಲ್ಲಿ 51 ವರ್ಷ ತುಂಬಿತ್ತು, ಹೆಸರು ಅಲ್ಲಿಂದ ಬಂತು. ಹೀರೋ ಪೆನ್ನಿನಲ್ಲಿ ಬರೆದವರಿಗೆ ಇದರ ಮೂತಿ ಗೊತ್ತು. ನಿಬ್ಬು ಪೂರ್ತಿ ಕಾಣುವುದಿಲ್ಲ, ತುದಿ ಮಾತ್ರ ಇಣುಕುತ್ತದೆ. ಹೀರೋ 616 ಮಾಡಿದವರು ಈ ರೂಪವನ್ನು ಇಲ್ಲಿಂದಲೇ ಎತ್ತಿಕೊಂಡರು.

ನಿಬ್ಬನ್ನು ಹೀಗೆ ಮುಚ್ಚಿದ್ದು ಚಂದಕ್ಕಲ್ಲ, ಇಂಕಿಗಾಗಿ. ಕಂಪನಿ ಬೇಗ ಒಣಗುವ ಇಂಕು ತಯಾರಿಸಿತ್ತು. ಬರೆದ ತಕ್ಷಣ ಒಣಗುತ್ತದೆ, ಇಂಕು ಹೀರುವ ಒತ್ತು ಕಾಗದ ಬೇಡ. ಆದರೆ ಅದೇ ಇಂಕು ತೆರೆದ ನಿಬ್ಬಿನ ಮೇಲೂ ಅಷ್ಟೇ ಬೇಗ ಒಣಗಿಬಿಡುತ್ತದೆ. ಅದಕ್ಕೇ ನಿಬ್ಬಿಗೆ ಮುಸುಕು ಹಾಕಿದರು. ಇನ್ನೊಂದು ತೊಂದರೆಯೂ ಇತ್ತು. ಆ ಇಂಕಿನ ಕ್ಷಾರ ಆಗಿನ ಸೆಲ್ಯುಲಾಯ್ಡ್ ಪೆನ್ನುಗಳನ್ನು ತಿಂದುಹಾಕುತ್ತಿತ್ತು. ಹಾಗಾಗಿ ಮೈಗೆ ಲ್ಯೂಸೈಟ್ ಎಂಬ ಅಕ್ರಿಲಿಕ್ ಪ್ಲಾಸ್ಟಿಕ್ ಬಂತು. ಎಂಬತ್ತು ವರ್ಷದ ಪೆನ್ನು ಇವತ್ತಿಗೂ ಹೊಳೆಯುವುದು ಅದರಿಂದ.

ಆ ಹೊಳಪೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹೊರಗಿನ ರೂಪ ಮೂವತ್ತು ವರ್ಷ ಹೆಚ್ಚೂಕಡಿಮೆ ಹಾಗೇ ಉಳಿಯಿತು. ಬದಲಾದದ್ದು ಹೊಟ್ಟೆಯೊಳಗೆ, ಇಂಕು ತುಂಬುವ ವ್ಯವಸ್ಥೆ.

ನಾಲ್ಕೈದು ವರ್ಷದ ಹಿಂದೆ ಶಿವಮೊಗ್ಗದ ಕಡೆಯಿಂದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಪೆನ್ನು ರಿಪೇರಿ ಅಂಗಡಿಗೆ ಬಂದರು. ಜೇಬಿನಿಂದ ಕರ್ಚೀಫಿನ ಗಂಟು ತೆಗೆದರು. ಗಂಟಿನೊಳಗೆ ಕಪ್ಪು ಪಾರ್ಕರ್ 51. ತಂದೆಯವರು ವಕೀಲರಂತೆ, ಕೊನೆಯವರೆಗೂ ಸಹಿ ಹಾಕಿದ್ದು ಅದರಲ್ಲೇ ಅಂತೆ. "ಇದರ ಟ್ಯೂಬನ್ನು ಯಾರೋ ಕದ್ದಿದ್ದಾರಂತೆ ಸ್ವಾಮಿ, ಹೊಸದು ಹಾಕಿಕೊಡಿ" ಅಂದರು. ಹಾಗಂತ ಯಾರು ಹೇಳಿದರು ಅಂತ ಕೇಳಿದೆ. ಅವರ ಊರಿನ ಕಡೆ ಒಬ್ಬರು ರಿಪೇರಿಯವರಂತೆ. ಒಳಗೆ ಹೀರೋ ಪೆನ್ನಿನ ಹಾಗೆ ಇಂಕಿನ ಟ್ಯೂಬ್ ಇರಲೇಬೇಕು ಅಂದುಕೊಂಡು ನಡುವಿಗೆ ಇಕ್ಕಳ ಹಾಕಿ ತಿರುಚಿದ್ದಾರೆ. ಮೂತಿಯ ಮೇಲೆ ಇಕ್ಕಳದ ಹಲ್ಲಿನ ಗುರುತು, ಕೂದಲೆಳೆಯಂಥ ಒಂದು ಸೀಳು. ಟ್ಯೂಬ್ ಸಿಗಲಿಲ್ಲ. ಎಲ್ಲಿಂದ ಸಿಗಬೇಕು? ಆ ಪೀಳಿಗೆಯ ಪೆನ್ನಿನಲ್ಲಿ ಇಂಕಿನ ಟ್ಯೂಬೇ ಇಲ್ಲ!

ನಾನು ಪೆನ್ನನ್ನು ತಲೆಕೆಳಗು ಹಿಡಿದು ಬಾಲದ ಹತ್ತಿರ ಬೆಳಕು ಬಿಟ್ಟು ತೋರಿಸಿದೆ. ಉಗುರಿಗೆ ಸಿಗುವಷ್ಟು ಸಣ್ಣ ಗೆರೆ. ಅಲ್ಲಿ ಹಿಡಿದು ತಿರುಗಿಸಿದರೆ ಪುಟ್ಟ ಮುಚ್ಚಳ ಕಳಚಿತು, ಒಳಗೆ ಒತ್ತುವ ಗುಂಡಿ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಐವತ್ತು ವರ್ಷ ಮನೇಲಿತ್ತು, ಇದು ಬಿಚ್ಚುತ್ತೆ ಅಂತ ಗೊತ್ತಿರಲಿಲ್ಲ" ಅಂದರು. ಅದು ವ್ಯಾಕ್ಯುಮ್ಯಾಟಿಕ್, 1948ರವರೆಗೆ ನಡೆದ ಮೊದಲ ಪೀಳಿಗೆ. ಅದರಲ್ಲಿ ಇಂಕು ನೇರವಾಗಿ ಪೆನ್ನಿನ ಮೈಯೊಳಗೇ ತುಂಬುತ್ತದೆ. ಗುಂಡಿ ಒತ್ತಿ ಬಿಟ್ಟಾಗಲೆಲ್ಲ ಒಳಗಿನ ರಬ್ಬರ್ ಪೊರೆ ಗಾಳಿಯನ್ನು ತಳ್ಳಿ ಇಂಕನ್ನು ಎಳೆದುಕೊಳ್ಳುತ್ತದೆ. ಆ ಪೊರೆ ಗಟ್ಟಿಯಾಗಿತ್ತು, ಬೇರೆ ಹಾಕಿದೆ. ಹತ್ತು ಸಲ ಒತ್ತಿದ ಮೇಲೆ ಪೆನ್ನು ಅವರ ಕೈಗೆ ಕೊಟ್ಟೆ. ಮೊದಲು ಬರೆದದ್ದು ತಂದೆಯ ಹೆಸರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಪೆನ್ನು ಈಗಲೂ ಬರೆಯುತ್ತಿದೆ. ಆ ಸೀಳು ಮಾತ್ರ ಹೋಗಲಿಲ್ಲ, ಹೋಗುವುದೂ ಇಲ್ಲ. ಬಾಲ ನೋಡುವ ತಾಳ್ಮೆ ಅರ್ಧ ನಿಮಿಷ ಇದ್ದಿದ್ದರೆ ಆ ಸೀಳು ಬೀಳುತ್ತಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1948ರಿಂದ ಬಂದದ್ದು ಏರೋಮೆಟ್ರಿಕ್. ಇದರ ಬಾಲದಲ್ಲಿ ಗೆರೆ ಇಲ್ಲ, ನುಣುಪು. ಇದನ್ನು ಬಿಚ್ಚುವುದು ನಡುವಿನಲ್ಲಿ, ಬರಿಗೈಯಲ್ಲೇ. ಒಳಗೆ ಲೋಹದ ಕವಚ, ಅದರೊಳಗೆ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್. ಇಂಕು ತುಂಬುವ ವಿಧಾನವನ್ನು ಕವಚದ ಮೇಲೇ ಕೊರೆದಿದ್ದಾರೆ. ಮೊದಲ ಪೀಳಿಗೆಯ ರಬ್ಬರ್ ಹಾಳಾಗುತ್ತದೆ, ಈ ಟ್ಯೂಬ್ ಹಾಳಾಗುವುದು ಅಪರೂಪ. ನನ್ನ ಕೈಗೆ ಬಂದ ಏರೋಮೆಟ್ರಿಕ್‌ಗಳಲ್ಲಿ ಹೆಚ್ಚಿನವು ತೊಳೆದರೆ ಸಾಕು, ಬರೆಯುತ್ತವೆ. ಇಷ್ಟು ಗಟ್ಟಿಮುಟ್ಟಾದ ಪೆನ್ನನ್ನು ಕೆಟ್ಟಿದೆ ಅಂತ ಎಸೆಯುವವರನ್ನು ಕಂಡರೆ ಜಗಳ ಆಡುವಷ್ಟು ಬೇಜಾರಾಗುತ್ತದೆ.

1972ರಲ್ಲಿ ತಯಾರಿಕೆ ನಿಂತಿತು. 2021ರಲ್ಲಿ ಅದೇ ಹೆಸರಿನ ಹೊಸ ಪೆನ್ನು ಬಂತು. ಹಳೆಯದರ ಮುಚ್ಚಳವನ್ನು ಒತ್ತಿ ಕೂರಿಸಿದರಾಯಿತು, ಹೊಸದನ್ನು ತಿರುಗಿಸಿ ಹಾಕಬೇಕು. ಇಂಕಿಗೆ, ಇಂಕು ತುಂಬಿಯೇ ಬರುವ ಕಾರ್ಟ್ರಿಜ್ ಇಲ್ಲವೇ ಬಾಟಲಿಯಿಂದ ಇಂಕು ಎಳೆದುಕೊಳ್ಳುವ ಕನ್ವರ್ಟರ್. ಹೆಸರು ಒಂದೇ ಆದರೂ ಒಳಗಿನ ಸಂಸಾರ ಬೇರೆ.

ಈಗ ಬೀರು ತೆಗೆಯಿರಿ. ಬಾಲದಲ್ಲಿ ಗೆರೆ ಇದ್ದರೆ ನಡುವನ್ನು ಮುಟ್ಟಬೇಡಿ, ತಿಳಿದವರ ಹತ್ತಿರ ಒಯ್ಯಿರಿ. ಗೆರೆ ಇಲ್ಲದಿದ್ದರೆ ನಡುವಿನಲ್ಲಿ ಮೆಲ್ಲಗೆ ಬಿಚ್ಚಿ, ಮೂತಿಯನ್ನು ತಣ್ಣೀರಿನ ಲೋಟದಲ್ಲಿ ರಾತ್ರಿಯಿಡೀ ಬಿಡಿ. ಬಿಸಿನೀರು ಬೇಡ. ಬೆಳಿಗ್ಗೆ ನೀರು ನೀಲಿಯಾಗಿರುತ್ತದೆ. ಚೆಲ್ಲಿ, ಹೊಸ ನೀರು ಹಾಕಿ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ, ಆಮೇಲೆ ಇಂಕು ತುಂಬಿ. ನಮಸ್ಕಾರ.