ಕೂಗಿಗೆ ಮುಂಚಿನ ಮೌನ

ನಮಸ್ಕಾರ.

ಅರಸೀಕೆರೆಯ ನಮ್ಮ ಮನೆಯಲ್ಲಿ ಅಪ್ಪನ ಒಂದು ಟ್ರಾನ್ಸಿಸ್ಟರ್ ಇತ್ತು. ಕಂದು ಬಣ್ಣದ ಚರ್ಮದ ಕವರು, ಅದರ ಮುಂದೆ ಸಣ್ಣ ಸಣ್ಣ ತೂತು. ಕ್ರಿಕೆಟ್ ಇದ್ದ ದಿನ ಅದು ಬೆಳಿಗ್ಗೆಯೇ ಕಿಟಕಿಗೆ ಬಂದು ಕೂರುತ್ತಿತ್ತು. ವೀಕ್ಷಕ ವಿವರಣೆ ಕೊಡುವವರು ಬೌಲರ್ ಓಡಿ ಬರುವುದನ್ನು ಹೇಳುತ್ತಾ ಹೇಳುತ್ತಾ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆಗ ಅಪ್ಪ ಎತ್ತಿದ ಕಾಫಿ ಲೋಟ ಹಾಗೇ ಕೈಯಲ್ಲಿ ನಿಲ್ಲುತ್ತಿತ್ತು. ಆಮೇಲೆ ರೇಡಿಯೋದೊಳಗಿಂದ ಕೂಗು ಬರುತ್ತಿತ್ತು. ವಿಕೆಟ್ ಬಿತ್ತೋ, ಬೌಂಡರಿ ಹೋಯಿತೋ, ಅದು ಆಮೇಲಿನ ಮಾತು.

ಆ ಒಂದು ಕ್ಷಣದ ಮೌನ ನನಗೆ ಮತ್ತೆ ಸಿಕ್ಕಿದ್ದು ಬೇರೆ ದೇಶದಲ್ಲಿ, ಬೇರೆ ಆಟದಲ್ಲಿ. 1990ರಲ್ಲಿ ಓದಲು ಅಮೆರಿಕದ ಆನ್ ಆರ್ಬರ್ ಊರಿಗೆ ಹೋದೆ. ಮಿಶಿಗನ್ ವಿಶ್ವವಿದ್ಯಾಲಯ ಇರುವ ಊರು ಅದು. ಅಲ್ಲಿನ ಕಾಲೇಜು ಫುಟ್‌ಬಾಲ್ ತಂಡದ ಅಭಿಮಾನಿಯಾಗಿ ಮೂವತ್ತು ವರ್ಷ ದಾಟಿದೆ. ಆ ತಂಡದ ಕೆಲವು ಗೆಲುವುಗಳ ಬಗ್ಗೆ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರು ಫುಟ್‌ಬಾಲ್ ಆದರೂ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಒಂದು ಕಡೆ ಹನ್ನೊಂದು ಜನ. ನೂರು ಗಜದ ಮೈದಾನ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಆಗಲಿಲ್ಲವೋ, ಚೆಂಡು ಎದುರಾಳಿಗೆ. ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಅದರ ಹಿಂದೆಯೇ ಒದ್ದು ಇನ್ನೊಂದು ಅಂಕ ಸೇರಿಸಿಕೊಳ್ಳಬಹುದು. ಕಾಲಿನಿಂದ ಒದ್ದು ಕಂಬಗಳ ಮಧ್ಯೆ ಕಳಿಸಿದರೆ ಫೀಲ್ಡ್ ಗೋಲ್, ಮೂರು ಅಂಕ. ಸದ್ಯಕ್ಕೆ ಇಷ್ಟು ಸಾಕು.

ಮಿಶಿಗನ್ ಸ್ಟೇಡಿಯಂ ಕಟ್ಟಿದ್ದು 1927ರಲ್ಲಿ. 1,07,601 ಜನ ಕೂರಬಹುದು. ಹೊರಗಿನಿಂದ ನೋಡಿದರೆ ಅಷ್ಟು ದೊಡ್ಡದು ಅನ್ನಿಸುವುದೇ ಇಲ್ಲ, ಯಾಕಂದ್ರೆ ಅದರ ಬಹುಭಾಗ ನೆಲದ ಕೆಳಗಿದೆ. ರಸ್ತೆಯ ಮಟ್ಟದಲ್ಲಿ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಕಾಲ ಕೆಳಗೆ ದೊಡ್ಡ ಬಟ್ಟಲು ತೆರೆದುಕೊಳ್ಳುತ್ತದೆ. ನಮ್ಮ ಕಡೆ ಕಲ್ಯಾಣಿಯ ಮೇಲಿನ ಮೆಟ್ಟಿಲಲ್ಲಿ ನಿಂತ ಹಾಗೆ. ಆದರೆ ನೀರಿನ ಜಾಗದಲ್ಲಿ ಹಸಿರು ಮೈದಾನ, ಮೆಟ್ಟಿಲು ಮೆಟ್ಟಿಲಿಗೂ ಜನ. ಎಲ್ಲರ ಮೈಮೇಲೂ ಮುಸುಕಿನ ಜೋಳದ ಹಳದಿ, ಇಲ್ಲವೇ ಕಡುನೀಲಿ. ತಂಡದ ಬಣ್ಣಗಳು ಅವೇ.

ಅಲ್ಲಿನ ಜನಕ್ಕೆ ಒಂದು ಪದ್ಧತಿ ಇದೆ. ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವ, ಚೆಂಡು ಎಸೆಯುವ ಆಟಗಾರ, ತನ್ನವರಿಗೆ ಹೇಳುವ ಮಾತು ಕೇಳಿಸಬಾರದು, ಅದಕ್ಕೆ. ನಮ್ಮವರ ಕೈಯಲ್ಲಿ ಚೆಂಡಿದ್ದಾಗ ಬಾಯಿ ಮುಚ್ಚುತ್ತಾರೆ. ಲಕ್ಷ ಜನ ಒಟ್ಟಿಗೆ ಸುಮ್ಮನಾಗುವುದನ್ನು ನೀವು ಕೇಳಿದ್ದೀರಾ? ನನ್ನ ಪ್ರೀತಿಯ ಗೆಲುವುಗಳೆಲ್ಲ ನೆನಪಾಗುವುದು ಅಂಕಗಳಿಂದಲ್ಲ, ಆ ಸದ್ದಿಲ್ಲದ ಗಳಿಗೆಗಳಿಂದ.

ಮೊದಲನೆಯದು 1991ರ ಸೆಪ್ಟೆಂಬರ್ 14. ಎದುರಿಗೆ ನೋಟರ್ ಡೇಮ್. ಅವರ ಕೈಲಿ ನಮ್ಮ ತಂಡ ನಾಲ್ಕು ವರ್ಷ ಸತತವಾಗಿ ಸೋತಿತ್ತು. ನನ್ನ ಹತ್ತಿರ ಟಿಕೆಟ್ ಇರಲಿಲ್ಲ. ಹಾಸ್ಟೆಲ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡುತ್ತಿದ್ದೆ. ಬಿಸಿ ನೀರಿನ ಹಬೆ, ಮೊಣಕೈವರೆಗೆ ರಬ್ಬರ್ ಗ್ಲೌಸು, ಕಪಾಟಿನ ಮೇಲೆ ಎಣ್ಣೆ ಜಿಡ್ಡು ಹಿಡಿದ ಒಂದು ರೇಡಿಯೋ. ನಾಲ್ಕನೇ ಕ್ವಾರ್ಟರ್, ಅಂದರೆ ಪಂದ್ಯದ ಕೊನೆಯ ಕಾಲುಭಾಗ. 17-14ರಲ್ಲಿ ಮುಂದಿದ್ದೆವು. ನಾಲ್ಕನೇ ಅವಕಾಶ, ಬೇಕಾದ್ದು ಒಂದೇ ಗಜ. ಇಂಥ ಕಡೆ ಯಾರಾದರೂ ಚೆಂಡು ಹಿಡಿದು ನುಗ್ಗುತ್ತಾರೆ. ನಮ್ಮ ಕ್ವಾರ್ಟರ್‌ಬ್ಯಾಕ್ ಎಲ್ವಿಸ್ ಗರ್ಬ್ಯಾಕ್ ಎಸೆದೇಬಿಟ್ಟರು. ಇಪ್ಪತ್ತೈದು ಗಜ ದೂರ, ಅಂಕಣದ ಮೂಲೆಗೆ.

ರೇಡಿಯೋದಲ್ಲಿ ಒಂದು ಕ್ಷಣ ಏನೂ ಕೇಳಲಿಲ್ಲ. ನನ್ನ ಪಕ್ಕದವನು ನಲ್ಲಿ ನಿಲ್ಲಿಸಿದ. ಆಮೇಲೆ ಬಂದ ಸದ್ದಿಗೆ ಆ ಪುಟ್ಟ ರೇಡಿಯೋ ಕರಕರ ಅಂದಿತು. ಸ್ಟೇಡಿಯಂ ದೂರವೇನಿರಲಿಲ್ಲ. ಹಿಂಬಾಗಿಲು ತೆರೆದಿತ್ತು. ಅದೇ ಸದ್ದು ಆ ಕಡೆಯಿಂದಲೂ ಬಂತು. ಡೆಸ್ಮಂಡ್ ಹೊವಾರ್ಡ್ ನೆಲಕ್ಕೆ ಸಮವಾಗಿ ಮೈ ಚಾಚಿ ಹಾರಿ, ಬೆರಳ ತುದಿಯಲ್ಲಿ ಆ ಚೆಂಡು ಹಿಡಿದಿದ್ದರು. 24-14. ಆ ಹಿಡಿತವನ್ನು ಕಣ್ಣಾರೆ ನೋಡಿದ್ದು ಸಂಜೆ ಟಿವಿಯಲ್ಲಿ. ಆದರೆ ನನಗೆ ಅದು ಇವತ್ತಿಗೂ ಕಿವಿಯ ನೆನಪು. ಆ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಹೊವಾರ್ಡ್‌ಗೇ ಬಂತು.

ಅವತ್ತಿನಿಂದ ನಾನು ಈ ತಂಡದವನು. ಹಳೆಯ ಪಂದ್ಯಗಳ ಬಾನುಲಿ ಧ್ವನಿಮುದ್ರಣ ಹುಡುಕಿ ಹುಡುಕಿ ಕೇಳುವ ಹುಚ್ಚು ಹತ್ತಿತು. ಹಾಗೆ ಸಿಕ್ಕವರು ಬಾಬ್ ಯೂಫರ್. 1945ರಿಂದ 1981ರವರೆಗೆ ಮಿಶಿಗನ್ ಪಂದ್ಯಗಳ ವೀಕ್ಷಕ ವಿವರಣೆ ಕೊಟ್ಟವರು. ಯಾವ ಕಡೆಯವರು ಅನ್ನುವುದನ್ನು ಅವರು ಬಚ್ಚಿಡುತ್ತಲೇ ಇರಲಿಲ್ಲ. ನಮ್ಮವರು ಅಂಕ ಗಳಿಸಿದರೆ ಹಾರ್ನ್ ಬಾರಿಸುತ್ತಿದ್ದರು. 1979ರಲ್ಲಿ ಇಂಡಿಯಾನಾ ಎದುರು 21-21, ಉಳಿದದ್ದು ಆರು ಸೆಕೆಂಡ್. ಜಾನ್ ವಾಂಗ್ಲರ್ ಎಸೆದ ಚೆಂಡು ಹಿಡಿದು ಆಂಥನಿ ಕಾರ್ಟರ್ ಗೆರೆ ಮುಟ್ಟಿದಾಗ ಯೂಫರ್ ಅವರ ಗಂಟಲು ಒಡೆದೇ ಹೋಗುತ್ತದೆ. ನಾನು ಕೇಳಿದ್ದು ಎಷ್ಟೋ ವರ್ಷ ಆದಮೇಲೆ. ಫಲಿತಾಂಶ ಗೊತ್ತಿದ್ದರೂ ಮೈ ಜುಮ್ ಅಂದಿತು.

1997ರ ತಂಡವನ್ನು ಬಿಡುವ ಹಾಗಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಗೆಲುವು. ಚಾರ್ಲ್ಸ್ ವುಡ್ಸನ್ ಮುಖ್ಯವಾಗಿ ರಕ್ಷಣೆಯ ಆಟಗಾರ. ಅಂಥವರಿಗೆ ಹೈಸ್ಮನ್ ಸಿಕ್ಕಿದ್ದು ಅದೇ ಮೊದಲು. 1998ರ ಹೊಸ ವರ್ಷದ ದಿನ ರೋಸ್ ಬೌಲ್ ಪಂದ್ಯದಲ್ಲಿ ವಾಷಿಂಗ್ಟನ್ ಸ್ಟೇಟ್ ಎದುರು 21-16. ಕೊನೆಯ ಸೆಕೆಂಡಿನವರೆಗೂ ಅವರು ನಮ್ಮ ಗೆರೆಯ ಕಡೆ ಬರುತ್ತಲೇ ಇದ್ದರು, ಸಮಯ ಮುಗಿಯಿತು. 1948ರ ನಂತರದ ಮೊದಲ ರಾಷ್ಟ್ರೀಯ ಪಟ್ಟ. ಆಗ ಪಟ್ಟ ನಿರ್ಧಾರವಾಗುತ್ತಿದ್ದದ್ದು ಮತದಾನದಿಂದ. ಕೋಚ್‌ಗಳ ಮತದಾನದಲ್ಲಿ ನೆಬ್ರಾಸ್ಕಾ ತಂಡಕ್ಕೆ ಮೊದಲ ಸ್ಥಾನ ಬಂದದ್ದರಿಂದ ಪಟ್ಟ ಹಂಚಿಹೋಯಿತು. ದೊಡ್ಡ ಗೆಲುವು, ನಿಜ. ಆದರೆ ಪಂದ್ಯ ನಡೆದದ್ದು ದೂರದ ಕ್ಯಾಲಿಫೋರ್ನಿಯಾದಲ್ಲಿ, ನೋಡಿದ್ದು ಟಿವಿಯಲ್ಲಿ. ಬೇರೆ ಗೆಲುವುಗಳಷ್ಟು ಹತ್ತಿರಕ್ಕೆ ಅದು ಬರಲಿಲ್ಲ.

ಹತ್ತಿರ ಬಂದದ್ದು 2011ರ ಸೆಪ್ಟೆಂಬರ್ 10. ಆ ಸ್ಟೇಡಿಯಂನಲ್ಲಿ ದೀಪದ ಬೆಳಕಿನಲ್ಲಿ ನಡೆದ ಮೊದಲ ರಾತ್ರಿ ಪಂದ್ಯ. 1,14,804 ಜನ ಸೇರಿದ್ದರು. ಎದುರಿಗೆ ಮತ್ತೆ ನೋಟರ್ ಡೇಮ್. ಆಗ ಹನ್ನೊಂದು ವರ್ಷದ ನನ್ನ ಮಗಳಿಗೆ ಅದು ಮೊದಲ ಪಂದ್ಯ. ನಮ್ಮ ಕ್ವಾರ್ಟರ್‌ಬ್ಯಾಕ್ ಡೆನಾರ್ಡ್ ರಾಬಿನ್ಸನ್ ಶೂ ಲೇಸ್ ಕಟ್ಟುವುದೇ ಇಲ್ಲ ಅಂತ ಅವಳಿಗೆ ಯಾರೋ ಹೇಳಿದ್ದರು. ಪಂದ್ಯವಿಡೀ ಬೈನಾಕ್ಯುಲರ್ ಹಿಡಿದು ಅವರ ಕಾಲನ್ನೇ ನೋಡುತ್ತಿದ್ದಳು.

ಮೂರು ಕ್ವಾರ್ಟರ್ ಮುಗಿದಾಗ 24-7, ನಾವು ಹಿಂದೆ. ಕೆಲವರು ಎದ್ದು ಹೊರಟರು. ಹೋಗೋಣವಾ ಅಂತ ಮಗಳನ್ನು ಕೇಳಿದೆ. ಅವಳು ಬೈನಾಕ್ಯುಲರ್ ಇಳಿಸಲೇ ಇಲ್ಲ. ನಾಲ್ಕನೇ ಕ್ವಾರ್ಟರಿನಲ್ಲಿ ರಾಬಿನ್ಸನ್ ಎದ್ದು ನಿಂತರು. ಒಂದು ನಿಮಿಷ ಚಿಲ್ಲರೆ ಉಳಿದಿರುವಾಗ 28-24, ನಾವು ಮುಂದೆ. ಮೂವತ್ತು ಸೆಕೆಂಡ್ ಇರುವಾಗ 31-28, ಅವರು ಮುಂದೆ. ಮುಗಿಯಿತು ಅಂದುಕೊಂಡೆ. ಆಮೇಲೆ ಜೆರೆಮಿ ಗ್ಯಾಲನ್ ಅನ್ನುವ ಕುಳ್ಳಗಿನ ಹುಡುಗನನ್ನು ಕಾಯುವವರೇ ಇಲ್ಲ, ಒಬ್ಬನೇ ನಿಂತಿದ್ದಾನೆ! ಒಂದೇ ಎಸೆತಕ್ಕೆ ಅರವತ್ತನಾಲ್ಕು ಗಜ. ಎಂಟು ಸೆಕೆಂಡ್ ಉಳಿಯಿತು. ಇಡೀ ಬಟ್ಟಲು ಸುಮ್ಮನಾಯಿತು. ದೀಪಗಳ ಸುತ್ತ ಹುಳ ಹಾರುವುದು ಕಾಣುತ್ತಿತ್ತು. ಮಗಳ ಉಗುರು ನನ್ನ ಮಣಿಕಟ್ಟಿಗೆ ನಾಟಿತ್ತು. ರಾಬಿನ್ಸನ್ ಎಸೆದರು, ರಾಯ್ ರೌಂಡ್‌ಟ್ರೀ ಮೂಲೆಯಲ್ಲಿ ಹಿಡಿದರು. 35-31. ಉಳಿದದ್ದು ಎರಡು ಸೆಕೆಂಡ್. ಮನೆಗೆ ಹೋದಮೇಲೆ ನೋಡುತ್ತೇನೆ, ಮಣಿಕಟ್ಟಿನ ಮೇಲೆ ನಾಲ್ಕು ಕೆಂಪು ಗುರುತು.

ಆ ವರ್ಷದ ಕೊನೆಗೆ ಓಹಾಯೋ ಸ್ಟೇಟ್ ತಂಡವನ್ನೂ 40-34ರಲ್ಲಿ ಸೋಲಿಸಿದೆವು. ಓಹಾಯೋ ಅಂದರೆ ನಮಗೆ ಬರೀ ಎದುರಾಳಿ ಅಲ್ಲ. ಪ್ರತಿವರ್ಷ ನವೆಂಬರ್ ಕೊನೆಯ ಶನಿವಾರದ ಆ ಪಂದ್ಯಕ್ಕೆ ಹೆಸರೇ ಬೇಕಿಲ್ಲ. ‘ಆ ಪಂದ್ಯ’ ಅಂದರೆ ಸಾಕು. 2011ರ ಆ ಗೆಲುವಿನ ನಂತರ ಎಂಟು ವರ್ಷ ಒಂದೇ ಸಮ ಸೋತೆವು. 2020ರಲ್ಲಿ ಕೋವಿಡ್‌ನಿಂದ ಪಂದ್ಯವೇ ನಡೆಯಲಿಲ್ಲ. ಮಗಳು ಹೈಸ್ಕೂಲ್ ಮುಗಿಸಿದಳು, ಕಾಲೇಜು ಸೇರಿದಳು. ಅಷ್ಟೂ ಕಾಲ ನಮಗೆ ಆ ಶನಿವಾರದ ಊಟ ಸೇರುತ್ತಿರಲಿಲ್ಲ.

2021ರ ನವೆಂಬರ್ 27. ಆನ್ ಆರ್ಬರ್‌ನಲ್ಲಿ ಹಿಮ ಬೀಳುತ್ತಿತ್ತು. ಲೋಹದ ಬೆಂಚು ಒರೆಸಿದಷ್ಟೂ ಬೆಳ್ಳಗಾಗುತ್ತಿತ್ತು. ನನ್ನ ಎಡಕ್ಕೆ ಮಗಳು, ಬಲಕ್ಕೆ ಎಂಬತ್ತರ ಹತ್ತಿರದ ಒಬ್ಬ ಅಜ್ಜ. ಎಷ್ಟೋ ವರ್ಷಗಳಿಂದ ಅಲ್ಲೇ ಕೂರುವವರು. 1969ರ ಓಹಾಯೋ ಪಂದ್ಯಕ್ಕೂ ಅವರು ಅಲ್ಲಿದ್ದರಂತೆ. ಅದರ ಹಿಂದಿನ ವರ್ಷ, 1968ರಲ್ಲಿ, ಓಹಾಯೋ ನಮ್ಮನ್ನು 50-14ರಲ್ಲಿ ಬಡಿದಿತ್ತು. ಅವರದ್ದು ಸತತ 22 ಗೆಲುವು, ದೇಶಕ್ಕೇ ಮೊದಲ ತಂಡ. ನಮ್ಮ ಆಗಿನ ಕೋಚ್ ಬೋ ಶೆಂಬೆಕ್ಲರ್ ಬಂದು ಒಂದು ವರ್ಷವೂ ಆಗಿರಲಿಲ್ಲ, ಅದೂ ಹಿಂದೆ ಓಹಾಯೋ ಕೋಚ್ ವುಡಿ ಹೇಯ್ಸ್ ಕೈಕೆಳಗೇ ದುಡಿದವರು. ಗೆದ್ದಿದ್ದು ನಾವು, 24-12. ಅಜ್ಜ ಅದನ್ನೆಲ್ಲ ಹಿಮ ಒರೆಸಿಕೊಳ್ಳುತ್ತಾ, ನಿನ್ನೆ ನಡೆದ ಹಾಗೆ ಹೇಳಿದರು.

2021ರ ಆ ದಿನ ನಮ್ಮ ಹಸನ್ ಹ್ಯಾಸ್ಕಿನ್ಸ್ ಐದು ಟಚ್‌ಡೌನ್ ಹೊಡೆದರು. ಐದು! ಎಸೆತದ ಚಮತ್ಕಾರ ಏನೂ ಇಲ್ಲ. ಚೆಂಡನ್ನು ಹೊಟ್ಟೆಗೆ ಅವಚಿಕೊಂಡು, ತಲೆ ಬಗ್ಗಿಸಿ, ಮತ್ತೆ ಮತ್ತೆ ನುಗ್ಗಿದರು. ಎಳೆಯುವವರನ್ನೂ ಸೇರಿಸಿ ಹೊತ್ತುಕೊಂಡು ಹೋದ ಹಾಗಿತ್ತು. ಓಹಾಯೋ ಕೈಗೆ ಚೆಂಡು ಹೋದರೆ ಏಡನ್ ಹಚಿನ್ಸನ್ ಅವರ ಕ್ವಾರ್ಟರ್‌ಬ್ಯಾಕನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಆಗ ಕೂಗು. ಹ್ಯಾಸ್ಕಿನ್ಸ್ ಓಡುವ ಮುಂಚೆ ಮೌನ. ಹಿಮ ಬೀಳುವಾಗಿನ ಮೌನವೇ ಬೇರೆ. ಅದು ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಇರುತ್ತದೆ. 42-27. ಜನ ಮೈದಾನಕ್ಕೆ ನುಗ್ಗಿದರು, ಹಸಿರು ನೆಲವೇ ಕಾಣದ ಹಾಗೆ. ಮಗಳೂ ಇಳಿದು ಹೋದಳು. ನಾನು ಮತ್ತು ಅಜ್ಜ ಮೇಲೆಯೇ ನಿಂತಿದ್ದೆವು. ಅವರು ಏನೂ ಮಾತಾಡಲಿಲ್ಲ. ಗ್ಲೌಸ್ ತೆಗೆದು ನನ್ನ ಕೈ ಹಿಡಿದುಕೊಂಡರು, ಅಷ್ಟೇ. ಬೆರಳು ಐಸಿನ ಹಾಗೆ ತಣ್ಣಗಿತ್ತು.

ಇನ್ನೊಂದು ಮೌನದ ಬಗ್ಗೆಯೂ ಹೇಳಬೇಕು. ಅದು ಆಸೆಯ ಮೌನ ಅಲ್ಲ. 2023ರ ನವೆಂಬರ್ 25, ಮತ್ತೆ ಓಹಾಯೋ ಎದುರು. ಆ ವರ್ಷ ನಮ್ಮ ತಂಡದ ಮೇಲೆ ಎದುರಾಳಿಗಳ ಸನ್ನೆಗಳನ್ನು ಕದ್ದು ಚಿತ್ರೀಕರಿಸಿದ ಆರೋಪ ಬಂದಿತ್ತು. ಕೋಚ್ ಜಿಮ್ ಹಾರ್ಬಾ ಅಮಾನತಿನಲ್ಲಿದ್ದರು, ಮೈದಾನಕ್ಕೆ ಬರುವ ಹಾಗಿರಲಿಲ್ಲ. ಪ್ರೀತಿಸಿದ ತಂಡದ ಬಗ್ಗೆ ಅಂಥ ಮಾತು ಕೇಳುವುದು ನನಗೆ ಕಷ್ಟವಾಯಿತು. ಅದನ್ನು ಮುಚ್ಚಿಟ್ಟು ಬರೀ ಗೆಲುವು ಹೇಳಿದರೆ ಸರಿಯಾಗುವುದಿಲ್ಲ. ಅವತ್ತು ಎರಡನೇ ಅರ್ಧದಲ್ಲಿ ನಮ್ಮ ಝ್ಯಾಕ್ ಝಿಂಟರ್ ಬಿದ್ದರು. ಕಾಲು ಮುರಿದಿತ್ತು. ಗಾಡಿ ಒಳಗೆ ಬಂತು. ಜೊತೆಯ ಆಟಗಾರರೆಲ್ಲ ಸುತ್ತ ಸೇರಿದರು. ಲಕ್ಷಕ್ಕೂ ಜಾಸ್ತಿ ಜನ, ಒಂದು ಕೆಮ್ಮಿನ ಸದ್ದೂ ಇಲ್ಲ. ಗಾಡಿ ಹೊರಗೆ ಹೋಯಿತು. ಅದರ ಮುಂದಿನ ಆಟದಲ್ಲೇ ಬ್ಲೇಕ್ ಕೋರಮ್ ಇಪ್ಪತ್ತೆರಡು ಗಜ ಓಡಿ ಗೆರೆ ದಾಟಿದರು. ದಾಟಿದ್ದೇ ಬೆರಳು ಎತ್ತಿ ಆರು, ಐದು ಅಂತ ತೋರಿಸಿದರು. 65 ಝಿಂಟರ್ ಅವರ ಅಂಗಿಯ ನಂಬರ್. ನನ್ನ ಕಣ್ಣು ತುಂಬಿ ಬಂತು. 30-24ರಲ್ಲಿ ಗೆದ್ದೆವು.

ಆಮೇಲೆ ರೋಸ್ ಬೌಲ್‌ನಲ್ಲಿ ಅಲಬಾಮಾ ಎದುರು ಹೆಚ್ಚುವರಿ ಆಟದಲ್ಲಿ 27-20. 2024ರ ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ಎದುರು 34-13. ಹದಿನೈದಕ್ಕೆ ಹದಿನೈದು ಗೆದ್ದು ರಾಷ್ಟ್ರೀಯ ಚಾಂಪಿಯನ್. ಈ ಸಲ ಪಟ್ಟ ಹಂಚಿಕೊಳ್ಳಲು ಯಾರೂ ಇರಲಿಲ್ಲ.

ಕೊನೆಗೆ ಒಂದು ರಾತ್ರಿಯ ಕಥೆ ಹೇಳಿ ಮುಗಿಸುತ್ತೇನೆ. 2024ರ ನವೆಂಬರ್ 30. ಅಮ್ಮನಿಗೆ ಹುಷಾರಿಲ್ಲ ಅಂತ ಅರಸೀಕೆರೆಗೆ ಬಂದಿದ್ದೆ. ಓಹಾಯೋದ ಊರು ಕೊಲಂಬಸ್‌ನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಪಂದ್ಯ. ಇಲ್ಲಿ ರಾತ್ರಿ ಹತ್ತೂವರೆ. ನಮ್ಮ ತಂಡ ಆ ವರ್ಷ ಸೊರಗಿತ್ತು. ಅಲ್ಲಿವರೆಗೆ ಆರು ಗೆಲುವು, ಐದು ಸೋಲು. ಓಹಾಯೋ ದೇಶಕ್ಕೆ ಎರಡನೇ ಸ್ಥಾನದಲ್ಲಿತ್ತು. ಆ ಋತುವಿನ ರಾಷ್ಟ್ರೀಯ ಪಟ್ಟ ಕೊನೆಗೆ ಅವರಿಗೇ ಸಿಕ್ಕಿತು. ಗೆಲ್ಲುತ್ತೇವೆ ಅಂದವರು ಯಾರೂ ಇಲ್ಲ.

ವಿಡಿಯೋ ನಿಂತು ನಿಂತು ಬರುತ್ತಿತ್ತು. ಬಿಟ್ಟು, ಬರೀ ರೇಡಿಯೋ ಹಾಕಿಕೊಂಡೆ. ಅಪ್ಪನ ಟ್ರಾನ್ಸಿಸ್ಟರ್ ಕೂರುತ್ತಿದ್ದ ಅದೇ ಕಿಟಕಿಯಲ್ಲಿ ಫೋನ್ ಇಟ್ಟೆ. ದೀಪ ಆರಿಸಿದ್ದೆ. ಹೊರಗೆ ತೆಂಗಿನ ಗರಿಗಳ ಸದ್ದು. 10-10ರಲ್ಲಿ ಪಂದ್ಯ ಕೊನೆಯ ನಿಮಿಷಗಳಿಗೆ ಬಂತು. ಕೇಲೆಲ್ ಮಲಿಂಗ್ಸ್ ಇಪ್ಪತ್ತೇಳು ಗಜ ನುಗ್ಗಿದರು. ನಲವತ್ತೈದು ಸೆಕೆಂಡ್ ಇರುವಾಗ ಡೊಮಿನಿಕ್ ಝ್ವಾಡಾ ಫೀಲ್ಡ್ ಗೋಲ್ ಒದೆಯಲು ಬಂದರು. ವಿವರಣೆ ಕೊಡುವವರ ಮಾತು ಒಂದು ಕ್ಷಣ ನಿಂತಿತು. ನಾನು ಕಿಟಕಿಯ ಸರಳು ಹಿಡಿದುಕೊಂಡಿದ್ದೆ.

13-10. ಓಹಾಯೋಗೆ ಉತ್ತರ ಕೊಡಲು ಆಗಲಿಲ್ಲ. ಗಂಟೆ ಎರಡರ ಹತ್ತಿರ. ಮನೆಯಲ್ಲಿ ಎಲ್ಲ ಮಲಗಿದ್ದಾರೆ, ಕೂಗುವ ಹಾಗಿಲ್ಲ. ಟವೆಲನ್ನು ಬಾಯಿಗೆ ಒತ್ತಿಕೊಂಡು ಕತ್ತಲಲ್ಲಿ ಹಾಗೇ ನಿಂತಿದ್ದೆ. ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟಿತು.

“ಗೆದ್ರೇನೋ?” ಅಂತ ಅಮ್ಮ ಕೇಳಿದಳು.

“ಗೆದ್ವಮ್ಮ,” ಅಂದೆ.

“ಸರಿ, ಇನ್ನಾದ್ರೂ ಮಲ್ಕೋ,” ಅಂದು ಮಗ್ಗುಲು ಬದಲಿಸಿದಳು.

ನಮಸ್ಕಾರ.