ಬಿಸಿ ಏನಿದೆ ಅಂತ ಮೊದ್ಲು ಕೇಳಿ

ಹಾಯ್ ಎಲ್ರಿಗೂ. ಇವತ್ತಿನ ವಿಡಿಯೋದಲ್ಲಿ ದೊಡ್ಡ ರೆಸ್ಟೋರೆಂಟ್ ಯಾವ್ದೂ ಇಲ್ಲ. ಮನೆ ಹತ್ರಾನೇ ಸುಮ್ನೆ ಹೋಗಿ ತಿಂದು ಬರ್ತೀವಲ್ಲ, ಅಥ್ವಾ ಪ್ರಯಾಣದಲ್ಲಿ ಹಸಿವು ತಡೀಲಾರ್ದೆ ಗಾಡಿ ನಿಲ್ಸಿ ಸಿಕ್ಕಿದ ಕಡೆ ನುಗ್ತೀವಲ್ಲ, ಆ ಥರದ ಸಾದಾ ಊಟದ ಬಗ್ಗೆ ಅಷ್ಟೇ. ನಂಗೆ ಇದೇ ಜಾಸ್ತಿ ಇಷ್ಟ.

ಮನೆ ಹತ್ರದ ಹೋಟ್ಲಲ್ಲಿ ನಾವು ಯೋಚ್ನೇನೇ ಮಾಡಲ್ಲ ನೋಡಿ. ಎಷ್ಟೊತ್ತಿಗೆ ರಶ್ ಇರುತ್ತೆ, ಯಾವ ಐಟಂ ಬೆಳಿಗ್ಗೆ ಚೆನ್ನಾಗಿರುತ್ತೆ, ಸಂಜೆ ಹೊತ್ತಿಗೆ ಯಾವ್ದು ಒಣಗಿ ಹೋಗಿರುತ್ತೆ ಎಲ್ಲಾ ಗೊತ್ತು, ಸಪ್ಲೈಯರ್‌ಗೂ ನಮ್ಮ ಮುಖ ಗೊತ್ತು, ಅದು ಇವತ್ತು ಬೇಡ ಬಿಡಿ, ಇದು ತಗೊಳ್ಳಿ ಅಂತ ಅವ್ರೇ ಹೇಳ್ಬಿಡ್ತಾರೆ. ಹೊರಗಡೆ ಹೋದಾಗ ನಮ್ಗೆ ಹೀಗೆ ಹೇಳೋರೇ ಇರಲ್ಲ. ಬೋರ್ಡು, ಲೈಟಿಂಗು, ಫೋನಲ್ಲಿರೋ ಫೋಟೋ ನೋಡ್ಕೊಂಡು ಒಳಗೆ ಹೋಗ್ತೀವಿ, ಆದ್ರೆ ಇವತ್ತಿನ ಅಡುಗೆ ಹೇಗಿದೆ ಅನ್ನೋದು ಅದ್ರಲ್ಲಿ ಗೊತ್ತಾಗಲ್ಲ.

ಹೊಸ ಜಾಗದಲ್ಲಿ ನಾನು ಮೊದ್ಲು ನೋಡೋದು ಮಾಡಿದ್ದು ಎಷ್ಟು ಬೇಗ ಖಾಲಿ ಆಗ್ತಿದೆ ಅಂತ. ಈ ಕ್ಲಿಪ್‌ನಲ್ಲಿ ಕೌಂಟರ್ ಕಡೆ ಗಮನಿಸಿ, ಪಾತ್ರೆ ತಳ ಕಾಣ್ತಿದೆ, ಅಷ್ಟ್ರಲ್ಲಿ ಒಳಗಿಂದ ಇನ್ನೊಂದು ಪಾತ್ರೆ ಹೊಗೆಯಾಡ್ತಾ ಬಂತು, ಹಳೇದ್ರ ಮೇಲೆ ಹೊಸದನ್ನ ಸುರೀಲಿಲ್ಲ, ಪಾತ್ರೇನೇ ಬದ್ಲಾಯಿಸಿದ್ರು, ಸೌಟೂ ಬೇರೆ. ಇಂಥ ಕಡೆ ನಾನು ಧೈರ್ಯವಾಗಿ ಕೂತ್ಕೋತೀನಿ. ಬೇಯ್ಸಿದ ಊಟ ಹೊರಗಡೆ ಎರಡು ಗಂಟೆಗಿಂತ ಜಾಸ್ತಿ ಹಾಗೇ ಇರಬಾರ್ದು, ಬಿಸಿ ಇಡೋದಾದ್ರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇ ಇಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅನ್ನದಲ್ಲಂತೂ ಇದು ಇನ್ನೂ ಮುಖ್ಯ ಕಣ್ರೀ, ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೆಂದ್ರೂ ಸಾಯಲ್ಲ, ಅನ್ನ ಬೆಚ್ಚಗೆ ಹೊರಗೇ ಉಳಿದ್ರೆ ಅವು ಬೆಳೀತವೆ, ವಾಂತಿ ತರ್ಸೋ ವಿಷ ಒಂದ್ಸಲ ಸೇರ್ಕೊಂಡ್ರೆ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಅದ್ಕೇ ಮೆನು ಕಾರ್ಡ್ ತೆಗೆಯೋ ಮುಂಚೆ ಬಿಸಿ ಏನಿದೆ ಅಂತ ಕೇಳೋದು. ಆ ಪ್ರಶ್ನೆಗೆ ಎಲ್ಲಾನೂ ಬಿಸಿ ಇದೆ ಅಂದ್ರೆ ನಂಗೆ ಅನುಮಾನ, ಹತ್ತು ನಿಮಿಷ ಕೂತ್ಕೊಳ್ಳಿ ಇದು ಆಗ್ತಿದೆ ಅಂದ್ರೆ ಖುಷಿ.

ಇನ್ನು ಪಾರ್ಸಲ್. ಮನೇಲೇ ಕೂತು ಹೋಟೆಲ್ ಊಟ ತಿನ್ನೋದು ಈಗ ಮಾಮೂಲಿ ಆಗಿದೆ, ಆದ್ರೆ ಕರಿದಿದ್ದು ಯಾಕೆ ಮನೆಗೆ ಬರೋಷ್ಟ್ರಲ್ಲಿ ಮೆತ್ತಗಾಗುತ್ತೆ ಅಂದ್ರೆ, ಡಬ್ಬಿ ಮುಚ್ಚಳದ ಒಳಗಡೆ ನೋಡಿ, ಹನಿ ಹನಿ ನೀರು ಕೂತಿದೆಯಲ್ಲ, ಅದೇ ಹಬೆ ತಣ್ಣಗಾಗಿ ವಾಪಸ್ ಗರಿಗರಿ ಪದರದ ಮೇಲೆ ಬೀಳುತ್ತೆ. ಬಂದ ತಕ್ಷಣ ಮುಚ್ಚಳ ತೆಗೀರಿ, ಕಟ್ಸೋವಾಗ ಗ್ರೇವಿ ಬೇರೆ ಹಾಕಿ ಅಂತ ಹೇಳಿ.

ಊಟಕ್ಕೂ ಪ್ರಯಾಣಕ್ಕೂ ನಂಟು ಎಷ್ಟು ಹಳೇದು ಅಂತ ಯೋಚ್ಸಿದ್ರೆ ನಂಗೆ ಇವತ್ತಿಗೂ ಮಜಾ ಅನ್ಸುತ್ತೆ. ಈಗ ಎಲ್ರೂ ಮಾತಾಡೋ, ಒಳ್ಳೆ ಊಟದ ಹೋಟೆಲ್‌ಗಳಿಗೆ ಸ್ಟಾರ್ ಕೊಡೋ ಮಿಶೆಲಿನ್ ಗೈಡ್ ಇದೆಯಲ್ಲ, ಅದನ್ನ ಶುರು ಮಾಡಿದ್ದು ಒಂದು ಟೈರ್ ಕಂಪನಿ, ಫ್ರಾನ್ಸಲ್ಲಿ, 1900ರಲ್ಲಿ, ಜನ ಕಾರಲ್ಲಿ ಜಾಸ್ತಿ ಓಡಾಡ್ಲಿ ಅಂತ, ಸ್ಟಾರ್ ಕೊಡೋಕೆ ಶುರು ಮಾಡಿದ್ದು 1926ರಲ್ಲಿ. ಎರಡು ಸ್ಟಾರ್ ಅಂದ್ರೆ ದಾರಿ ಬಿಟ್ಟು ಸುತ್ತಾಕೊಂಡಾದ್ರೂ ಹೋಗ್ಬಹುದು ಅಂತ. ಕಮ್ಮಿ ಖರ್ಚಲ್ಲಿ ಒಳ್ಳೆ ಊಟ ಕೊಡೋ ಜಾಗಗಳಿಗೆ ಬಿಬ್ ಗೂರ್ಮಾ ಅನ್ನೋ ಬೇರೆ ಗುರುತು ಬಂದಿದ್ದು 1997ರಲ್ಲಿ. ನಾನಾದ್ರೆ ಊಟಕ್ಕೋಸ್ಕರ ದಾರಿ ತಪ್ಪಿಸ್ಕೊಂಡು ಹೋಗೋಳಲ್ಲ, ದಾರೀಲಿ ಸಿಗೋದ್ರಲ್ಲೇ ಒಳ್ಳೇದು ಹುಡುಕ್ಬೇಕು ನಂಗೆ, ಆ ಹುಡುಕಾಟದಲ್ಲೇ ಊರು ಅರ್ಥ ಆಗುತ್ತೆ.

ಇನ್ನೊಂದು ಮಾತು, ಅಲರ್ಜಿ ಇರೋರಿಗೆ. ಗೊತ್ತಿಲ್ಲದ ಭಾಷೆ ಇರೋ ಕಡೆ ಬಾಯಲ್ಲಿ ಹೇಳಿ ಬಿಟ್ಬಿಡ್ಬೇಡಿ, ಯಾವ್ದು ಆಗಲ್ಲ ಅನ್ನೋದನ್ನ ಅಲ್ಲಿನ ಭಾಷೇಲೇ ಫೋನಲ್ಲಿ ಬರ್ದಿಟ್ಕೊಂಡು ತೋರ್ಸಿ, ಮತ್ತೆ ಅದನ್ನ ಸಪ್ಲೈಯರ್ ನೋಡಿದ್ರೆ ಸಾಲ್ದು, ಒಳಗೆ ಅಡುಗೆ ಮಾಡ್ತಿರೋರಿಗೂ ತೋರ್ಸಿ ಬನ್ನಿ ಅಂತ ಕೇಳಿ, ಅವ್ರು ತಲೆ ಆಡ್ಸಿದ್ಮೇಲೇ ಆರ್ಡರ್ ಮಾಡಿ.