ನೀರು ಬರುವ ದಿನ

ಕೇಳುಗರಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯವಳು. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಜೊತೆಗೆ ಅವ್ವ ನೀಲಿ ಪೆನ್ನಿನಲ್ಲಿ ಬರೆದ ಸೊನ್ನೆಗಳೂ ಇರುತ್ತಿದ್ದವು. ಅವು ನಳದಲ್ಲಿ ನೀರು ಬರುವ ದಿನಗಳು. ಬೀಗರನ್ನು ಊಟಕ್ಕೆ ಕರೆಯುವುದು, ಕೌದಿ ಒಗೆಯುವುದು, ಪರಊರಿಗೆ ಹೊರಡುವುದು ಎಲ್ಲವೂ ಆ ಸೊನ್ನೆಯನ್ನು ನೋಡಿಯೇ ತೀರ್ಮಾನವಾಗುತ್ತಿತ್ತು. ಆರು ದಿನಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ನಡುರಾತ್ರಿ ಓಣಿಯಲ್ಲಿ ‘ನೀರು ಬಂತು’ ಎಂಬ ಕೂಗು ಎದ್ದರೆ ಮನೆಮಂದಿಯೆಲ್ಲ ಕೊಡ, ಹಂಡೆ, ಬ್ಯಾರೆಲ್ ಹಿಡಿದು ಏಳಬೇಕು.

1962ರಲ್ಲಿ ಒಂದೇ ಪಾಲಿಕೆಯಾದ ಹುಬ್ಬಳ್ಳಿ–ಧಾರವಾಡದ ಜನಸಂಖ್ಯೆ 2011ರ ಜನಗಣತಿಯ ಹೊತ್ತಿಗೆ ಒಂಬತ್ತು ಲಕ್ಷ ನಲವತ್ತು ಸಾವಿರ ದಾಟಿತ್ತು. 2018ರಲ್ಲಿ ಎರಡು ಊರುಗಳ ನಡುವೆ, ಸುಮಾರು 22 ಕಿಲೋಮೀಟರ್ ದಾರಿಯಲ್ಲಿ, ತನ್ನದೇ ಪ್ರತ್ಯೇಕ ಪಥದಲ್ಲಿ ಸಾಗುವ ಚಿಗರಿ ಬಸ್ಸು ಓಡಿತು. 2023ರಲ್ಲಿ ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಇವು ನನಗೂ ಹೆಮ್ಮೆ ತಂದ ಕೆಲಸಗಳೇ. ಆದರೆ ಊರು ಎಷ್ಟು ಮುಂದೆ ಬಂದಿದೆ ಎಂದು ನಾನು ಇಂದಿಗೂ ಅಳೆಯುವುದು ನಳದಿಂದ.

ಕುಡಿಯುವ ನೀರಿಗೆ ನಾವು ದೂರ ದೂರ ಹೋಗುತ್ತ ಬಂದವರು. ಕಲಘಟಗಿ ಬದಿಯ ಬೇಡ್ತಿ ಕಣಿವೆಯಲ್ಲಿ ನೀರಸಾಗರ ಜಲಾಶಯ ಕಟ್ಟಿದ್ದಾಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ಬತ್ತಿದ್ದೂ ಉಂಟು. ಮುಂದೆ ಸವದತ್ತಿಯ ಮಲಪ್ರಭಾ ಜಲಾಶಯದಿಂದ ನೀರು ತಂದೆವು. ಇಷ್ಟಾದರೂ ಓಣಿಯ ನಳ ವಾರಗಟ್ಟಲೆ ಒಣಗಿಯೇ ಇತ್ತು. ಜಲಾಶಯದಿಂದ ಹೊರಟ ನೀರು ಹಳೆಯ ಪೈಪುಗಳಲ್ಲಿ ಸೋರಿ ನೆಲದ ಪಾಲಾಗುತ್ತಿದ್ದರೆ ಇನ್ನೊಂದು ನದಿಯನ್ನು ತಿರುಗಿಸಿ ತಂದರೂ ನಳಕ್ಕೆ ಸಿಗುವುದು ಅಷ್ಟರಲ್ಲೇ ಇದೆ.

ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದೊಡನೆ ಪೈಪು ಬರಿದಾಗುತ್ತದೆ. ಬರಿದಾದ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಅದರ ಪಕ್ಕದಲ್ಲೇ ಗಟಾರ ಹರಿಯುತ್ತಿದ್ದರೆ ಬಿರುಕಿನ ಮೂಲಕ ಕೊಳಚೆ ಒಳಗೆ ಇಳಿಯುತ್ತದೆ. ನೀರು ಬಂದಾಗ ಮನೆಗೊಂದು ಮೋಟಾರು ಹಚ್ಚಿ ಎಳೆದರೆ ಆ ಕೊಳಚೆ ಇನ್ನಷ್ಟು ಒಳಗೆ ಬರುತ್ತದೆ, ಮೋಟಾರಿಲ್ಲದ ಮನೆಗೆ ಹನಿಯೂ ದಕ್ಕುವುದಿಲ್ಲ. ಪೈಪು ಸದಾ ತುಂಬಿಯೇ ಇದ್ದರೆ ಒಳಗಿನ ಒತ್ತಡವೇ ಕೊಳಚೆಯನ್ನು ಹೊರಗೆ ತಡೆಯುತ್ತದೆ, ಸೋರುವ ಜಾಗವೂ ಬೇಗ ಪತ್ತೆಯಾಗುತ್ತದೆ.

ವಿಶ್ವಬ್ಯಾಂಕಿನ ನೆರವಿನಿಂದ 2008ರ ಹೊತ್ತಿಗೆ ನಮ್ಮಲ್ಲಿ ಮತ್ತು ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ ಇದನ್ನು ಮಾಡಿ ತೋರಿಸಿದರು. ಹೊಸ ಪೈಪು, ಮನೆಗೊಂದು ಮೀಟರು, ದಿನದ ಇಪ್ಪತ್ನಾಲ್ಕು ತಾಸೂ ನೀರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಊರಿನ ಎರಡೂ ಬಗೆಯ ಓಣಿಗಳ ನೀರನ್ನು ಪರೀಕ್ಷಿಸಿದಾಗ ಸದಾ ನೀರಿರುವ ನಳಗಳಲ್ಲಿ ರೋಗಾಣುಗಳ ಸುಳಿವು ಬಹಳ ಕಡಿಮೆ ಇತ್ತು. ಅಂಥ ಬಡಾವಣೆಯೊಂದರಲ್ಲಿರುವ ನನ್ನ ಚಿಕ್ಕಮ್ಮ ಮೊದಲ ಎರಡು ವರ್ಷ ನಂಬದೆ ದಿನವೂ ಬ್ಯಾರೆಲ್ ತುಂಬಿಸಿಡುತ್ತಿದ್ದಳು. ಈಗ ಅದರಲ್ಲಿ ಜೋಳ ಇಟ್ಟಿದ್ದಾಳೆ.

ನನ್ನ ಸಂಕಟ ಶುರುವಾಗುವುದು ಇಲ್ಲಿಂದ. ಆ ಪ್ರಯೋಗ ಮುಟ್ಟಿದ್ದು ಊರಿನ ಹತ್ತರಲ್ಲಿ ಒಂದು ಪಾಲಿಗೆ. ಗೆದ್ದ ಕೆಲಸವನ್ನು ಕಣ್ಣಾರೆ ಕಂಡೂ ಪಕ್ಕದ ಓಣಿಯವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸರದಿ ಕಾದರು. ಮೀಟರು ಕೂಡಿಸಿದರೆ ಬಿಲ್ಲು ಏರುತ್ತದೆ ಎಂಬ ಅಂಜಿಕೆಯೂ ಜನರಲ್ಲಿತ್ತು. ಅದು ಸುಳ್ಳು ಅಂಜಿಕೆಯಲ್ಲ. ಎರಡು ಕೋಣೆಯ ಮನೆಗೂ ತೋಟವಿರುವ ಬಂಗಲೆಗೂ ಒಂದೇ ದರ ಇರಬಾರದು ಎಂದು ಜನ ಕೇಳುವುದು ನ್ಯಾಯವೇ. ದರವನ್ನು ಮೊದಲೇ ಬಿಡಿಸಿ ಹೇಳಿದ್ದರೆ ವಿರೋಧ ಅರ್ಧ ತಗ್ಗುತ್ತಿತ್ತು.

ಈ ನಡುವೆ ಊರಿನ ಸುತ್ತ ಹೊಲಗಳು ಸೈಟುಗಳಾಗುತ್ತಲೇ ಇವೆ. ಹೊಸ ಬಡಾವಣೆಗೆ ಅನುಮತಿ ಕೊಡುವಾಗ ರಸ್ತೆಯ ಅಗಲ, ಉದ್ಯಾನದ ಜಾಗ ನೋಡುತ್ತಾರೆ. ಯಾವ ಟ್ಯಾಂಕಿನಿಂದ, ಎಷ್ಟು ಒತ್ತಡದಲ್ಲಿ ನೀರು ಬರುತ್ತದೆ ಎಂಬುದನ್ನೂ ನಕ್ಷೆಯ ಮೇಲೆಯೇ ಬರೆಸಬೇಕು. ಬರೆಸದಿದ್ದರೆ ಹೊಸಬರಿಗೆ ಕೊಡುವ ನೀರು ಹಳೆಯ ಓಣಿಯ ಪಾಲಿನಿಂದಲೇ ಹೋಗಬೇಕಾಗುತ್ತದೆ.

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಧಾರವಾಡದವರ ಹಳೆಯ ಬೇಡಿಕೆ ಅದು, ಅವರ ಸಂತೋಷ ನನಗೆ ಅರ್ಥವಾಗುತ್ತದೆ. ಆದರೆ ಮಲಪ್ರಭೆಯ ನೀರು ಅಮ್ಮಿನಭಾವಿಯ ಶುದ್ಧೀಕರಣ ಘಟಕದಲ್ಲಿ ಶುದ್ಧವಾಗಿ ಎರಡೂ ಊರುಗಳಿಗೆ ಹರಿಯುತ್ತದೆ. ವಾರ್ಡು, ಕಟ್ಟಡ, ಸಿಬ್ಬಂದಿಯನ್ನು ಹಂಚಿಕೊಳ್ಳುವ ಮೊದಲು ಆ ನೀರಿನ ಪಾಲನ್ನು, ಆ ಪೈಪನ್ನು ರಿಪೇರಿ ಮಾಡುವ ಖರ್ಚನ್ನು ಕಾಗದದ ಮೇಲೆ ಬರೆದು ಎರಡೂ ಊರುಗಳ ಜನರ ಮುಂದಿಡಿ ಎಂದು ಅಧಿಕಾರದಲ್ಲಿರುವವರನ್ನು ಕೇಳಿಕೊಳ್ಳುತ್ತೇನೆ. ನಮ್ಮ ಓಣಿಯಲ್ಲಿ ಈಗಲೂ ಕ್ಯಾಲೆಂಡರಿಗೆ ಸೊನ್ನೆ ಬರೆಯುವ ಮನೆಗಳಿವೆ.

ನಮಸ್ಕಾರ.